ನೇಮ್‌ಸರ್ವರ್ ಬದಲಿಸುವ ಮೊದಲು ರೆಕಾರ್ಡ್‌ಗಳನ್ನು ನಕಲಿಸಿಕೊಳ್ಳಿ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರೂ ತೋಟದ ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪವನ್ನು ಗ್ರಾಹಕರಿಗೆ ನೇರವಾಗಿ ಕಳುಹಿಸುವವರೂ ಸ್ವಂತ ಹೆಸರಿನ (ಡೊಮೈನ್) ಜಾಲತಾಣ ಇಟ್ಟುಕೊಳ್ಳುವುದು ಈಗ ಹೊಸ ಸಂಗತಿಯಲ್ಲ. ಹೋಸ್ಟಿಂಗ್ ಕಂಪನಿಯನ್ನು ಬದಲಿಸುವಾಗ, ‘ನಿಮ್ಮ ಡೊಮೈನ್‌ನ ನೇಮ್‌ಸರ್ವರ್‌ಗಳನ್ನು ನಮ್ಮದಕ್ಕೆ ಬದಲಿಸಿ’ ಎಂಬ ಸೂಚನೆ ಹೊಸ ಕಂಪನಿಯಿಂದ ಬರುತ್ತದೆ. ಬದಲಿಸುವ ಕೆಲಸ ಕೆಲವೇ ನಿಮಿಷಗಳದ್ದು. ಆದರೆ ಸಿದ್ಧತೆಯಿಲ್ಲದೆ ಮಾಡಿದರೆ ಜಾಲತಾಣ ಸರಿಯಾಗಿ ತೆರೆದುಕೊಂಡರೂ ಕೊಠಡಿ ಕೇಳಿ ಬರುವ ಇಮೇಲ್ ನಿಂತುಹೋಗಬಹುದು. ಬಾರದೆ ಹೋದ ಪತ್ರದ ಸುಳಿವು ನಮಗೆ ಸಿಗುವುದಿಲ್ಲವಾದ್ದರಿಂದ ಈ ನಷ್ಟ ತಡವಾಗಿಯೇ ಗೊತ್ತಾಗುತ್ತದೆ.

ಇಲ್ಲಿ ಮೂರು ಬೇರೆ ಬೇರೆ ಸೇವೆಗಳಿವೆ. ಹೆಸರನ್ನು ನೋಂದಾಯಿಸಿದ ಸಂಸ್ಥೆ ರಿಜಿಸ್ಟ್ರಾರ್. ಪುಟಗಳೂ ಚಿತ್ರಗಳೂ ಇರುವ ಜಾಗ ಹೋಸ್ಟಿಂಗ್. ಈ ಹೆಸರಿಗೆ ಬಂದವರನ್ನು ಎಲ್ಲಿಗೆ ಕಳುಹಿಸಬೇಕು, ಇಮೇಲನ್ನು ಎಲ್ಲಿಗೆ ತಲುಪಿಸಬೇಕು ಎಂಬ ದಾಖಲೆಗಳು, ಅಂದರೆ ರೆಕಾರ್ಡ್‌ಗಳು, ಇರುವುದು ಡಿಎನ್‌ಎಸ್‌ನಲ್ಲಿ. ಆ ದಾಖಲೆಗಳನ್ನು ಇಟ್ಟುಕೊಂಡು ಕೇಳಿದವರಿಗೆ ಉತ್ತರ ಹೇಳುವ ಯಂತ್ರವೇ ನೇಮ್‌ಸರ್ವರ್. ಎಸ್ಟೇಟ್ ರಸ್ತೆ ಕವಲೊಡೆಯುವಲ್ಲಿನ ಅಂಗಡಿಯವರನ್ನು ಕೇಳಿ ಹೊಸಬರು ಮನೆ ಹುಡುಕುತ್ತಾರಲ್ಲವೆ? ಇನ್ನು ಮುಂದೆ ಬೇರೊಂದು ಅಂಗಡಿಯಲ್ಲಿ ವಿಚಾರಿಸಿ ಎಂದು ಹೇಳುವುದಾದರೆ, ಆ ಅಂಗಡಿಯವರಿಗೆ ಮೊದಲೇ ಎಲ್ಲ ದಾರಿಯೂ ತಿಳಿದಿರಬೇಕು.

ಜಾಲತಾಣದ ಜಾಗ ಮಾತ್ರ ಬದಲಾಗುತ್ತಿದ್ದರೆ ನೇಮ್‌ಸರ್ವರ್ ಬದಲಿಸುವ ಅಗತ್ಯವೇ ಇರದಿರಬಹುದು. ಈಗಿನ ಡಿಎನ್‌ಎಸ್ ಸೇವೆ ಮುಂದೆಯೂ ಇರುವುದಾದರೆ, ಅಲ್ಲಿನ ‘ಎ’ ರೆಕಾರ್ಡ್‌ನಲ್ಲಿ ಹೊಸ ಸರ್ವರ್‌ನ ಐಪಿ ವಿಳಾಸ ಬರೆದರೆ ಸಾಕು. ಹೊಸ ಕಂಪನಿಯವರನ್ನು ಇದನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಬದಲಿಸಲೇಬೇಕಾದರೆ ಮೊದಲು ರಿಜಿಸ್ಟ್ರಾರ್ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಬೇಕು. ಜಾಲತಾಣ ಮಾಡಿಕೊಟ್ಟವರೇ ತಮ್ಮ ಖಾತೆಯಲ್ಲಿ ಡೊಮೈನ್ ಕೊಂಡಿರುವ ಸಂದರ್ಭಗಳುಂಟು. ಹೆಸರು ವ್ಯವಹಾರದ ಆಸ್ತಿ; ಅದರ ಲಾಗಿನ್, ಒಟಿಪಿ ಬರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸ ಮಾಲೀಕರದ್ದೇ ಆಗಿರಬೇಕು. ಆ ಇಮೇಲ್ ವಿಳಾಸ ಇದೇ ಡೊಮೈನ್‌ನದ್ದಾಗಿರಬಾರದು, ಏಕೆಂದರೆ ಬದಲಾವಣೆಯಲ್ಲಿ ತೊಂದರೆಯಾದರೆ ರಿಜಿಸ್ಟ್ರಾರ್ ಕಳುಹಿಸುವ ಪತ್ರವೂ ತಲುಪುವುದಿಲ್ಲ.

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಹಳೆಯ ಡಿಎನ್‌ಎಸ್ ಪುಟವನ್ನು ತೆರೆದು ಅಲ್ಲಿರುವ ಪ್ರತಿಯೊಂದು ರೆಕಾರ್ಡನ್ನೂ ಬರೆದುಕೊಳ್ಳಿ, ಪುಟದ ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ. ಜಾಲತಾಣಕ್ಕೆ ಸಂಬಂಧಿಸಿದ ಎ ಮತ್ತು ಸಿನೇಮ್, ಇಮೇಲ್ ತಲುಪಿಸುವ ಎಂಎಕ್ಸ್ ಹಾಗೂ ಅದರ ಆದ್ಯತೆಯ ಸಂಖ್ಯೆ, ನಮ್ಮ ಇಮೇಲ್ ಸ್ಪ್ಯಾಮ್‌ಗೆ ಹೋಗದಂತೆ ಕಾಯುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಟಿಎಕ್ಸ್‌ಟಿ ದಾಖಲೆಗಳು, ಗೂಗಲ್‌ನಂಥ ಸೇವೆಗಳ ಮಾಲೀಕತ್ವ ಪರಿಶೀಲನೆಯ ಸಾಲುಗಳು, ಇವೆಲ್ಲವೂ ಹೊಸ ಡಿಎನ್‌ಎಸ್‌ಗೆ ಅಕ್ಷರಶಃ ಹೋಗಬೇಕು. ಕೆಲವು ಕಂಪನಿಗಳು ಹಳೆಯ ರೆಕಾರ್ಡ್‌ಗಳನ್ನು ತಾವಾಗಿ ಹುಡುಕಿ ತುಂಬುತ್ತವೆಯಾದರೂ ಅದನ್ನೇ ನಂಬಿ ಕೂರಬಾರದು. ಡಿಕಿಮ್ ದಾಖಲೆಯ ಹೆಸರನ್ನು ಹೊರಗಿನಿಂದ ಊಹಿಸುವುದು ಕಷ್ಟವಾದ್ದರಿಂದ ಅದು ತಪ್ಪಿಹೋಗುವುದುಂಟು. ಇನ್ನೊಂದು ಅಪಾಯವೆಂದರೆ, ಹೊಸ ಹೋಸ್ಟಿಂಗ್ ತನ್ನದೇ ಎಂಎಕ್ಸ್ ಮತ್ತು ಎಸ್‌ಪಿಎಫ್ ಸಾಲುಗಳನ್ನು ಮೊದಲೇ ಹಾಕಿಟ್ಟಿರಬಹುದು. ನಿಮ್ಮ ಇಮೇಲ್ ಬೇರೆ ಸಂಸ್ಥೆಯಲ್ಲಿದ್ದರೆ ಆ ಎಂಎಕ್ಸ್ ಸಾಲನ್ನು ಅಳಿಸಬೇಕು. ಒಂದು ಡೊಮೈನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಪರಿಶೀಲನೆ ವಿಫಲವಾಗುತ್ತದೆ. ರೆಕಾರ್ಡ್‌ನ ಹೆಸರಿನ ಜಾಗದಲ್ಲಿ ಪೂರ್ತಿ ಡೊಮೈನ್ ಬರೆದರೆ ಕೆಲವು ಪುಟಗಳು ಅದರ ಕೊನೆಗೆ ಡೊಮೈನನ್ನು ಮತ್ತೊಮ್ಮೆ ಸೇರಿಸಿಬಿಡುತ್ತವೆ, ಅದನ್ನೂ ಗಮನಿಸಿ.

ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಎಂಬ ಭದ್ರತೆ ಚಾಲ್ತಿಯಲ್ಲಿದೆಯೇ ಎಂದು ರಿಜಿಸ್ಟ್ರಾರ್ ಪುಟದಲ್ಲಿ ನೋಡಿ. ಇದ್ದರೆ ಅಲ್ಲಿನ ಡಿಎಸ್ ರೆಕಾರ್ಡನ್ನು ತೆಗೆದು, ಡಾಟ್ ಕಾಮ್ ಹೆಸರಾದರೆ ಕನಿಷ್ಠ ಒಂದು ದಿನ ಕಾಯಬೇಕು. ಇಲ್ಲದಿದ್ದರೆ ಹಳೆಯ ಸಹಿ ಹೊಸ ಸರ್ವರ್‌ನ ಉತ್ತರಕ್ಕೆ ಹೊಂದದೆ, ಅದನ್ನು ಪರಿಶೀಲಿಸುವ ಜಾಲಗಳಲ್ಲಿ ಜಾಲತಾಣ ಪೂರ್ತಿ ಕಾಣೆಯಾಗುತ್ತದೆ.

ದಿನವನ್ನೂ ಯೋಚಿಸಿ ಆರಿಸಬೇಕು. ಮಡಿಕೇರಿ ದಸರಾ, ಡಿಸೆಂಬರ್ ಕೊನೆಯ ವಾರ ಬೇಡ. ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಹೋಗುವ ಆಟಿಯ ಮಳೆಯಲ್ಲಿ, ಒಟಿಪಿಗೇ ಕಾಯಬೇಕಾದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕುವುದೂ ಸರಿಯಲ್ಲ. ಅತಿಥಿಗಳ ಗಡಿಬಿಡಿ ಕಳೆದ ಸೋಮವಾರ ಅಥವಾ ಮಂಗಳವಾರದ ಬೆಳಗ್ಗೆ ಅನುಕೂಲ.

ಬದಲಾವಣೆ ಹೀಗೆ: ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ, ಡೊಮೈನನ್ನು ಆಯ್ದು, ನೇಮ್‌ಸರ್ವರ್ ವಿಭಾಗದಲ್ಲಿ ‘ಕಸ್ಟಮ್’ ಆಯ್ಕೆಯನ್ನು ಒತ್ತಿ. ಹಳೆಯ ಹೆಸರುಗಳನ್ನು ಬರೆದಿಟ್ಟುಕೊಂಡು ಅಳಿಸಿ, ಹೊಸ ಕಂಪನಿ ಕೊಟ್ಟ ಎರಡೋ ನಾಲ್ಕೋ ಹೆಸರುಗಳನ್ನು ತುಂಬಿ ಸೇವ್ ಮಾಡಿ. ಹಳೆಯದೊಂದು ಹೊಸದೊಂದು ಬೆರೆಸಬೇಡಿ. ರಿಜಿಸ್ಟ್ರಾರ್ ಈ ಮಾಹಿತಿಯನ್ನು ರಿಜಿಸ್ಟ್ರಿಗೆ, ಅಂದರೆ ಡಾಟ್ ಇನ್, ಡಾಟ್ ಕಾಮ್‌ನಂಥ ಒಂದೊಂದು ಗುಂಪಿನ ಹೆಸರುಗಳ ಮೂಲ ಪಟ್ಟಿ ಇಡುವ ಸಂಸ್ಥೆಗೆ, ದಾಟಿಸುತ್ತದೆ. ಡಾಟ್ ಇನ್ ಹೆಸರುಗಳ ಹೊಣೆ ಭಾರತದ ನಿಕ್ಸಿ ಸಂಸ್ಥೆಯದು, ಡಾಟ್ ಕಾಮ್‌ನದು ವೆರಿಸೈನ್‌ನದು.

ನಂತರ ಕಾಯಬೇಕು. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಮಾಹಿತಿಯನ್ನು ಇಂಟರ್ನೆಟ್ ಸೇವಾ ಕಂಪನಿಗಳು 1,72,800 ಸೆಕೆಂಡ್, ಅಂದರೆ 48 ಗಂಟೆ ನೆನಪಿನಲ್ಲಿಡಬಹುದೆಂದು ರಿಜಿಸ್ಟ್ರಿಯೇ ಹೇಳಿರುವುದರಿಂದ ಅಷ್ಟು ಹೊತ್ತು ಕೆಲವರು ಹಳೆಯ ಸರ್ವರನ್ನೂ ಕೆಲವರು ಹೊಸದನ್ನೂ ಕೇಳುತ್ತಿರುತ್ತಾರೆ. ಈ ಕಾರಣಕ್ಕೇ ನೇಮ್‌ಸರ್ವರ್ ಬದಲಾವಣೆಯನ್ನೂ ಜಾಲತಾಣದ ಸ್ಥಳಾಂತರವನ್ನೂ ಒಂದೇ ದಿನ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಎರಡೂ ಕಡೆ ಒಂದೇ ರೆಕಾರ್ಡ್‌ಗಳಿದ್ದರೆ ಯಾರನ್ನು ಕೇಳಿದರೂ ಉತ್ತರ ಒಂದೇ, ಗ್ರಾಹಕರಿಗೆ ವ್ಯತ್ಯಾಸವೇ ತಿಳಿಯದು. ಒಟ್ಟಿಗೆ ಮಾಡಿದರೆ ಕಾಫಿಪುಡಿಯ ಅರ್ಧ ಆರ್ಡರ್‌ಗಳು ಹಳೆಯ ಜಾಲತಾಣದಲ್ಲಿ, ಉಳಿದರ್ಧ ಹೊಸದರಲ್ಲಿ ದಾಖಲಾಗುವ ಅಪಾಯವಿದೆ. ಆದ್ದರಿಂದ ಎರಡು ದಿನ ಕಳೆದ ಮೇಲೆ ಹೊಸ ಡಿಎನ್‌ಎಸ್‌ನಲ್ಲಿ ಎ ರೆಕಾರ್ಡ್‌ನ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿನಲ್ಲಿಡಬಹುದೆಂಬ ಅವಧಿ) ಅನ್ನು 300 ಸೆಕೆಂಡ್‌ಗೆ ಇಳಿಸಿ, ಹಿಂದಿನ ಟಿಟಿಎಲ್ ಅವಧಿ ಮುಗಿದ ನಂತರ ಹೊಸ ಐಪಿ ವಿಳಾಸವನ್ನು ಬರೆಯಿರಿ.

ಪರಿಶೀಲನೆಗೆ ಕಂಪ್ಯೂಟರಿನಲ್ಲಿ ಡಿಎನ್‌ಎಸ್ ದಾಖಲೆಗಳನ್ನು ತೋರಿಸುವ ಎನ್‌ಎಸ್‌ಲುಕಪ್ ಎಂಬ ಆದೇಶವಿದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಜಾಲತಾಣ ತೆರೆದು ನೋಡಿ. ಬೇರೆ ಇಮೇಲ್ ಖಾತೆಯಿಂದ ನಿಮ್ಮ ವಿಳಾಸಕ್ಕೆ ಪತ್ರ ಕಳುಹಿಸಿ, ಅದಕ್ಕೆ ಉತ್ತರವನ್ನೂ ಬರೆಯಿರಿ; ಎರಡೂ ದಿಕ್ಕು ಸರಿಯಿರಬೇಕು. ಹೊಸ ಸರ್ವರ್‌ನಲ್ಲಿ ಜಾಲತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಸಿಕ್ಕಿದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಹಳೆಯ ಹೋಸ್ಟಿಂಗನ್ನು ಇನ್ನೊಂದು ವಾರವಾದರೂ ಉಳಿಸಿಕೊಂಡು, ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ ತಡವಾಗಿ ಬಂದ ಪತ್ರಗಳಿದ್ದರೆ ಇಳಿಸಿಕೊಂಡ ಬಳಿಕವೇ ಖಾತೆ ಮುಚ್ಚಿ. ಡಿಎನ್‌ಎಸ್‌ಸೆಕ್ ತೆಗೆದಿದ್ದವರು ಹೊಸ ಕಡೆ ಅದನ್ನು ಚಾಲೂ ಮಾಡಿ, ಅವರು ಕೊಡುವ ಹೊಸ ಡಿಎಸ್ ರೆಕಾರ್ಡನ್ನು ರಿಜಿಸ್ಟ್ರಾರ್ ಪುಟದಲ್ಲಿ ಸೇರಿಸಬೇಕು.