ಚೆಕ್ ಸಾರ್ಟಿಯಲ್ಲಿ ಕೆಡೆಟ್‌ಗಳು ಎಡವುತ್ತಿದ್ದುದೇಕೆ: ಬೋಧಕನಾಗಿ ನನ್ನ ಅನುಭವ

ವಾಯುಪಡೆಯ ಪ್ರಾಥಮಿಕ ಹಾರಾಟ ತರಬೇತಿಯಲ್ಲಿ ನಾನು ಬೋಧಕನಾಗಿದ್ದ ಕಾಲದಲ್ಲಿ, ಒಂದು ಕೋರ್ಸಿನ ಕೆಡೆಟ್‌ಗಳು ಒಬ್ಬರ ಹಿಂದೊಬ್ಬರಂತೆ ಚೆಕ್ ಸಾರ್ಟಿಯಲ್ಲಿ, ಅಂದರೆ ಪರೀಕ್ಷಾ ಹಾರಾಟದಲ್ಲಿ, ಅನುತ್ತೀರ್ಣರಾಗತೊಡಗಿದರು. ಕಾರಣ ಹುಡುಕಿ ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಚೆಕ್ ಸಾರ್ಟಿಯಲ್ಲಿ ದಿನವೂ ಕಲಿಸುವ ಬೋಧಕನ ಜಾಗದಲ್ಲಿ ಹಿರಿಯ ಬೋಧಕನೊಬ್ಬ ಪರೀಕ್ಷಕನಾಗಿ ಕುಳಿತು, ಕೆಡೆಟ್ ಯಾರ ನೆರವೂ ಇಲ್ಲದೆ ಎಷ್ಟು ಹಾರಬಲ್ಲ ಎಂಬುದನ್ನು ನೋಡುತ್ತಾನೆ. ಎಡವಿದವನಿಗೆ ಹೆಚ್ಚುವರಿ ಸಾರ್ಟಿಗಳನ್ನು ಕೊಟ್ಟು ಮರುಪರೀಕ್ಷೆ ನಡೆಸುತ್ತಾರೆ. ಮತ್ತೆ ಮತ್ತೆ ಎಡವಿದರೆ ಅವನನ್ನು ಹಾರಾಟದಿಂದ ಕೈಬಿಡಲಾಗುತ್ತದೆ.

ಕ್ರೂ ರೂಮಿನಲ್ಲಿ ಆಗ ಎರಡು ಮಾತುಗಳು ಓಡಾಡುತ್ತಿದ್ದವು. ಈಗ ಬರುವ ಹುಡುಗರಲ್ಲಿಯೇ ಸತ್ವವಿಲ್ಲ ಎಂಬುದು ಒಂದು, ಪರೀಕ್ಷಕರು ಅತಿಯಾಗಿ ಬಿಗಿ ಮಾಡುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪಲಿಲ್ಲ. ನಮ್ಮಲ್ಲಿ ಪೈಲಟ್ ಆಗಬಯಸುವವನು ಎದುರಿಸಬೇಕಾದ ಸಹಜ ಸಾಮರ್ಥ್ಯದ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶವಿರುತ್ತದೆ. ಆ ಜರಡಿಯಿಂದ ದಾಟಿ ಬಂದವರೇ ಈ ಹುಡುಗರು. ಎರಡನೆಯದನ್ನು ಒಪ್ಪಿ ಮಟ್ಟವನ್ನು ಇಳಿಸುವ ಪ್ರಶ್ನೆಯೇ ಇರಲಿಲ್ಲ. ಇಳಿಯಲು ಬರುವಾಗಲೇ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುವ ಮಿಗ್-21 ಯುದ್ಧವಿಮಾನಕ್ಕೆ ಕಿರಣ್ ಎಂಬ ತರಬೇತಿ ವಿಮಾನದಿಂದ ನೇರವಾಗಿ ಜಿಗಿಯಬೇಕಾಗಿದ್ದ ಎಳೆಯ ಪೈಲಟ್‌ಗಳ ಅಪಘಾತಗಳನ್ನು ನಮ್ಮ ವಾಯುಪಡೆ ಕಂಡಿದೆ. ನಡುವೆ ಸುಧಾರಿತ ಜೆಟ್ ತರಬೇತಿ ವಿಮಾನವೊಂದು ಬೇಕೆಂದು, ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲಿಯೇ ಹೇಳಿತ್ತು. ಆ ವಿಮಾನ, ಅಂದರೆ ಹಾಕ್, ಬೀದರಿನ ನೆಲೆಯಲ್ಲಿ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರಲ್ಲಿ. ಆರಂಭದ ಹಂತದಲ್ಲಿ ಸಡಿಲ ಬಿಟ್ಟರೆ ಅದರ ಬೆಲೆಯನ್ನು ಆ ಹುಡುಗನೇ ಮುಂದೆ ಎಲ್ಲೋ ತೆರಬೇಕಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ನಾನು ಮೊದಲು ಮಾಡಿದ್ದು ಅನುತ್ತೀರ್ಣರಾದವರ ಗ್ರೇಡ್ ಶೀಟುಗಳನ್ನೆಲ್ಲ, ಅಂದರೆ ಪ್ರತಿ ಹಾರಾಟದ ಅಂಕಪಟ್ಟಿಗಳನ್ನು, ತರಿಸಿಕೊಂಡು, ಪರೀಕ್ಷೆಗೆ ಹಿಂದಿನ ದಿನಗಳ ಶೀಟುಗಳ ಪಕ್ಕದಲ್ಲಿಟ್ಟು ಓದಿದ್ದು. ಲೂಪ್, ಬ್ಯಾರೆಲ್ ರೋಲ್‌ನಂಥ ಕಸರತ್ತುಗಳಲ್ಲಿ ಯಾರೂ ಸೋತಿರಲಿಲ್ಲ. ಸೋಲು ಬಹುಪಾಲು ಎರಡು ಕಡೆ ಸೇರಿಕೊಂಡಿತ್ತು: ಎಂಜಿನ್ ನಿಂತುಹೋಗಿದೆ ಎಂದು ಭಾವಿಸಿ ತೇಲಿ ಬಂದು ಇಳಿಯುವ ಅಭ್ಯಾಸ, ಅಂದರೆ ನಾವು ಪಿಎಫ್‌ಎಲ್ ಎಂದು ಕರೆಯುವುದು, ಮತ್ತು ಸರ್ಕ್ಯೂಟಿನಲ್ಲಿ, ಅಂದರೆ ರನ್‌ವೇ ಸುತ್ತಿನ ಹಾರಾಟದಲ್ಲಿ, ಎಂಜಿನ್ನಿನ ಶಕ್ತಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬದಲಿಸಿದಾಗ ವಿಮಾನವನ್ನು ನೇರವಾಗಿ ಹಿಡಿದಿಡುವುದು. ವಿಚಿತ್ರವೆಂದರೆ, ಇವೇ ಅಂಶಗಳಿಗೆ ಕೆಲವೇ ದಿನಗಳ ಹಿಂದೆ ಅವರ ಬೋಧಕರು ಒಳ್ಳೆಯ ಅಂಕಗಳನ್ನು ಕೊಟ್ಟಿದ್ದರು. ಅಂದಮೇಲೆ ದಿನನಿತ್ಯದ ಸಾರ್ಟಿಯಲ್ಲಿ ಇದ್ದ ಏನೋ ಒಂದು ಪರೀಕ್ಷೆಯ ದಿನ ವಿಮಾನದಲ್ಲಿ ಇರುತ್ತಿರಲಿಲ್ಲ.

ಅದು ಏನೆಂಬುದನ್ನು ತಿಳಿಸಿದವನು ವಿಜಯಪುರದ ಸೈನಿಕ ಶಾಲೆಯಿಂದ ಬಂದಿದ್ದ ಒಬ್ಬ ಕೆಡೆಟ್. ಹಾರಾಟದ ನಂತರ ಇಂಗ್ಲಿಷಿನಲ್ಲಿ ನಡೆಯುವ ವಿಮರ್ಶೆ, ಅಂದರೆ ಡಿಬ್ರೀಫ್, ಮುಗಿದ ಮೇಲೆ ಕನ್ನಡದಲ್ಲಿ ಕೇಳಿದಾಗ ಅವನು ಹೇಳಿದ: "ಸರ್, ನಮ್ಮ ಸರ್ ಹಿಂದೆ ಕೂತಾಗ ಅವರ ಉಸಿರಾಟ ಬದಲಾದರೆ ಸಾಕು, ನಾನು ಏನೋ ತಪ್ಪು ಮಾಡೀನಿ ಅಂತ ಗೊತ್ತಾಗ್ತಿತ್ತು. ಚೆಕ್ಕಿನ ದಿನ ಹಿಂದೆ ಯಾರೂ ಇಲ್ಲದಂಗಿತ್ತು." ನಮ್ಮ ತರಬೇತಿಯ ಪಿಲಾಟಸ್ ಪಿಸಿ-7 ಪ್ರೊಪೆಲರ್ ವಿಮಾನದಲ್ಲಿ ಕೆಡೆಟ್ ಮುಂದೆ, ಬೋಧಕ ಹಿಂದೆ ಕೂರುತ್ತಾರೆ, ಹಿಂದಿನ ಎಚ್‌ಪಿಟಿ-32 ಮತ್ತು ಕಿರಣ್ ವಿಮಾನಗಳಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿರುತ್ತಿದ್ದರು. ಅಕ್ಕಪಕ್ಕ ಕೂತಾಗ ಬೋಧಕನ ಕೈ ಥ್ರಾಟಲಿನ ಕಡೆ ಸರಿಯುವುದು ಕಣ್ಣಿಗೆ ಬೀಳುತ್ತದೆ. ಹಿಂದೆ ಮುಂದೆ ಕೂತಾಗ ಸುಳಿವುಗಳು ಇಂಟರ್‌ಕಾಮಿನ ಉಸಿರಿನಲ್ಲಿ, ಸ್ಟಿಕ್‌ನ, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಣ ಕೋಲಿನ, ಸಣ್ಣ ಒತ್ತಡದಲ್ಲಿ, ಕಾಲಿನಿಂದ ಒತ್ತುವ ರಡರ್ ಪೆಡಲ್‌ಗಳ ಮೂಲಕ ಬರುತ್ತವೆ. ಪ್ರೊಪೆಲರ್ ವಿಮಾನದಲ್ಲಿ ಶಕ್ತಿ ಹೆಚ್ಚಿಸಿದಾಗ ಮೂತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೆಡೆಟ್ ಕಾಲು ಕೊಡುವುದು ತಡವಾದರೆ ಬೋಧಕನ ಕಾಲು ತಾನಾಗಿಯೇ ಆ ಕೆಲಸ ಮಾಡಿಬಿಡುತ್ತದೆ. ಹೀಗೆ ಮಾಡುತ್ತಿದ್ದೇನೆಂಬುದು ಬೋಧಕನಿಗೂ ತಿಳಿಯುವುದಿಲ್ಲ, ಶೀಟಿನಲ್ಲಿ ಕೆಡೆಟ್‌ನ ಹೆಸರಿಗೆ ಅಂಕ ಬೀಳುತ್ತದೆ.

ಪಿಎಫ್‌ಎಲ್‌ನಲ್ಲಿ ಆಗುತ್ತಿದ್ದುದು ಇನ್ನೂ ಗಂಭೀರವಾದುದು. ನಮ್ಮ ರನ್‌ವೇ ಸುತ್ತಮುತ್ತ ಅಭ್ಯಾಸ ಮಾಡಿ ಮಾಡಿ, ಯಾವ ಕೆರೆಯ ಮೇಲೆ ತಿರುಗಬೇಕು, ಯಾವ ಕ್ವಾರಿಯ ಹತ್ತಿರ ಫ್ಲಾಪ್ ಇಳಿಸಬೇಕು ಎಂಬುದನ್ನು ಹುಡುಗರು ಬಾಯಿಪಾಠ ಮಾಡಿಕೊಂಡಿದ್ದರು. ಇಳಿಯುವ ಜಾಗ ಯಾವ ಕೋನದಲ್ಲಿ ಕಾಣುತ್ತಿದೆ, ಗಾಳಿ ತನ್ನನ್ನು ಎತ್ತ ತಳ್ಳುತ್ತಿದೆ ಎಂದು ಅಳೆಯುವ ಕಣ್ಣು ಅವರಲ್ಲಿ ಬೆಳೆದಿರಲಿಲ್ಲ. ಪರೀಕ್ಷಕ ಪರಿಚಯವಿಲ್ಲದ ಕಡೆ ಥ್ರಾಟಲ್ ಎಳೆದು ಎಂಜಿನ್ನಿನ ಶಕ್ತಿ ತಗ್ಗಿಸಿದೊಡನೆ ಕೆರೆಯೂ ಇಲ್ಲ, ಕ್ವಾರಿಯೂ ಇಲ್ಲ. ಹೊಲವನ್ನು ಆರಿಸುವಷ್ಟರಲ್ಲಿ ಎತ್ತರ ಕರಗಿಹೋಗಿರುತ್ತಿತ್ತು.

ನಾವು ಮಾಡಿದ ಮುಖ್ಯ ಬದಲಾವಣೆ ಮೌನ ಸಾರ್ಟಿ. ಪ್ರತಿ ಚೆಕ್ಕಿಗೆ ಮುನ್ನ, ಪಠ್ಯಕ್ರಮದಲ್ಲಿ ಆಗಲೇ ಇದ್ದ ಪುನರಾವರ್ತನೆಯ ಒಂದು ಸಾರ್ಟಿಯನ್ನು ಬೇರೆ ಬೋಧಕನ ಜೊತೆ ಹಾರಿಸತೊಡಗಿದೆವು. ಸುರಕ್ಷತೆಗೆ ಧಕ್ಕೆ ಬರುವವರೆಗೆ ಅವನು ಮಾತಾಡುವಂತಿಲ್ಲ, ಕೈಕಾಲು ನಿಯಂತ್ರಣಗಳಿಗೆ ಸಮೀಪವಿರಬೇಕೇ ಹೊರತು ತಾಗುವಂತಿಲ್ಲ. ಇದು ಕೇಳಲು ಸುಲಭ, ಪಾಲಿಸಲು ಬಹಳ ಕಷ್ಟ. ತಾಂಬರಂನ ಬೋಧಕರ ಶಾಲೆಯಲ್ಲಿ ನಮಗೆ ಪ್ಯಾಟರ್, ಅಂದರೆ ವಿಮಾನದ ಚಲನೆಗೆ ಸರಿಯಾಗಿ ಮಾತನ್ನು ಹೊಂದಿಸುವುದನ್ನು, ತಿಂಗಳುಗಟ್ಟಲೆ ತಿದ್ದಿ ತೀಡಿ ಕಲಿಸಿರುತ್ತಾರೆ. ಆ ಮಾತನ್ನು ನುಂಗಿಕೊಂಡು ಹುಡುಗ ತಪ್ಪು ಮಾಡಿ ತಾನೇ ತಿದ್ದಿಕೊಳ್ಳುವವರೆಗೆ ಕಾಯುವುದಕ್ಕೆ ಬೇರೆಯದೇ ಸಂಯಮ ಬೇಕು. ಗ್ರೇಡ್ ಶೀಟಿನಲ್ಲಿಯೂ ಪ್ರತಿ ಅಂಶದ ಎದುರು, ಹೇಳಿಸಿಕೊಂಡು ಮಾಡಿದನೇ, ಹೇಳದೆ ಮಾಡಿದನೇ ಎಂದು ಬರೆಯುವುದನ್ನು ರೂಢಿಗೆ ತಂದೆವು. ಪಿಎಫ್‌ಎಲ್ ಅಭ್ಯಾಸವನ್ನು ದಿನಕ್ಕೊಂದು ಹೊಸ ಜಾಗದಲ್ಲಿ, ಹೊಸ ಎತ್ತರದಲ್ಲಿ ಆರಂಭಿಸಿದೆವು. ಮಳೆಗಾಲದಲ್ಲಿ ಮೋಡ ಕವಿದು ಹಾರಾಟ ನಿಂತು, ಅಭ್ಯಾಸಕ್ಕೂ ಚೆಕ್ಕಿಗೂ ನಡುವೆ ಬಿಡುವು ಬಿದ್ದರೆ, ಕಡ್ಡಾಯವಾಗಿ ಒಂದು ಸಾರ್ಟಿ ಹಾರಿಸಿದ ನಂತರವೇ ಚೆಕ್.

ಗದರಿಕೆಯ ವಿಷಯದಲ್ಲಿ ಬೋಧಕರನ್ನು ಒಪ್ಪಿಸಲು ಹೆಚ್ಚು ಕಾಲ ಹಿಡಿಯಿತು. ಅನುತ್ತೀರ್ಣನಾದವನನ್ನು ಬೈದರೆ ಮುಂದಿನ ಸಾರ್ಟಿಯಲ್ಲಿ ಚೆನ್ನಾಗಿ ಹಾರುತ್ತಾನೆ, ಹೊಗಳಿದರೆ ಕೆಡುತ್ತಾನೆ ಎಂಬುದು ಹಲವರ ದೃಢವಾದ ನಂಬಿಕೆ. 1960ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ಬೋಧಕರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಇದನ್ನೇ ಹೇಳಿದ್ದರು. ತೀರಾ ಕೆಟ್ಟ ಹಾರಾಟದ ನಂತರ ಸಾಮಾನ್ಯವಾಗಿ ಅದಕ್ಕಿಂತ ಉತ್ತಮವಾದುದು, ತೀರಾ ಒಳ್ಳೆಯದರ ನಂತರ ಅದಕ್ಕಿಂತ ಸಾಧಾರಣವಾದುದು ಬರುವುದು ಸಹಜ, ಅದಕ್ಕೆ ಬೈಗುಳವಾಗಲಿ ಹೊಗಳಿಕೆಯಾಗಲಿ ಕಾರಣವಲ್ಲ ಎಂದು ಕಾನೆಮನ್ ತೋರಿಸಿಕೊಟ್ಟರು. ನಮ್ಮ ಗ್ರೇಡ್ ಶೀಟುಗಳನ್ನು ಸಾಲಾಗಿ ಇಟ್ಟು ತೋರಿಸಿದಾಗ ಕೆಲವರು ಒಪ್ಪಿದರು, ಕೆಲವರು ಕೊನೆಯವರೆಗೂ ಒಪ್ಪಲಿಲ್ಲ.

ವಾಂತಿ, ತಲೆಸುತ್ತುಗಳಿಂದ ಎಡವುತ್ತಿದ್ದವರ ಸಮಸ್ಯೆ ಬೇರೆ. ಅವರಿಗೆ ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ಚಿಕಿತ್ಸೆಯಿದೆ.

ಮುಂದಿನ ಕೋರ್ಸಿನಲ್ಲಿ ಮೊದಲ ಯತ್ನದಲ್ಲಿಯೇ ತೇರ್ಗಡೆಯಾದವರು ಸ್ಪಷ್ಟವಾಗಿ ಹೆಚ್ಚಿದರು. ಪರೀಕ್ಷಕರೂ ಅವರೇ, ಮಟ್ಟವೂ ಅದೇ. ಹಾಗೆಂದು ಯಾರೂ ಅನುತ್ತೀರ್ಣರಾಗಲಿಲ್ಲವೆಂದಲ್ಲ. ಮೌನ ಸಾರ್ಟಿಯಲ್ಲಿಯೂ, ಚೆಕ್ಕಿನಲ್ಲಿಯೂ, ಬೇರೆ ಬೋಧಕನ ಜೊತೆಯ ಹೆಚ್ಚುವರಿ ಸಾರ್ಟಿಗಳಲ್ಲಿಯೂ ಒಂದೇ ಅಂಶದಲ್ಲಿ ಸೋತವರನ್ನು ಕೈಬಿಡಲೇಬೇಕಾಯಿತು. ಆದರೆ ಅಂಥ ಹುಡುಗನನ್ನು ಕೂರಿಸಿಕೊಂಡು ಅವನ ಶೀಟುಗಳನ್ನು ಮುಂದಿಟ್ಟಾಗ, ತನ್ನಿಂದ ಏನು ಆಗುತ್ತಿತ್ತು, ಏನು ಆಗುತ್ತಿರಲಿಲ್ಲ ಎಂಬುದನ್ನು ಅವನೇ ಓದಿ ತಿಳಿದುಕೊಳ್ಳಬಹುದಾಗಿತ್ತು.