ಬೀಚಲ್ಲಿ ಆರಿಸಿದ ಕಲ್ಲು ಪುಟ್ಟ ಮಕ್ಕಳ ಕೈಗೆ ಕೊಡೋದು ಹೇಗೆ?

ಬೀಚಿಗೆ ಹೋದಾಗೆಲ್ಲ ಕಲ್ಲು, ಪಳೆಯುಳಿಕೆ ಆರಿಸ್ಕೊಂಡು ಬರೋ ಚಟ ಇದ್ರೆ ಮನೇಲಿ ಒಂದು ಡಬ್ಬ ತುಂಬಿರುತ್ತೆ, ಅದನ್ನ ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ತೋರಿಸಿ ಅಂತ ಯಾರಾದ್ರೂ ಕರೆದ್ರೆ ಪೂರ್ತಿ ಡಬ್ಬ ಹೊತ್ಕೊಂಡು ಹೋಗ್ಬೇಡಿ. ಹತ್ತು ಹನ್ನೆರಡು ಸಾಕು, ಆದ್ರೆ ಒಂದೊಂದೂ ಏನಾದ್ರೂ ಆಟ ಆಡಬೇಕು: ನೀರಲ್ಲಿ ತೇಲೋ ಪ್ಯೂಮಿಸ್ (ಜ್ವಾಲಾಮುಖಿಯ ಕಲ್ಲು), ಮ್ಯಾಗ್ನೆಟ್ಟಿಗೆ ಅಂಟೋ ಮ್ಯಾಗ್ನಟೈಟ್ (ಕಬ್ಬಿಣದ ಅದಿರು), ಸುರುಳಿ ಸುತ್ತಿದ ಅಮೊನೈಟ್ (ಹಿಂದೆ ಸಮುದ್ರದಲ್ಲಿದ್ದ ಚಿಪ್ಪಿನ ಪ್ರಾಣಿಯ ಪಳೆಯುಳಿಕೆ), ಒಂದು ಶಾರ್ಕ್ ಹಲ್ಲು. (ಕೆಲವು ಬೀಚಲ್ಲಿ ಕಲ್ಲು ಎತ್ಕೊಂಡು ಬರೋ ಹಾಗೇ ಇಲ್ಲ, ಮೊದಲೇ ವಿಚಾರಿಸಿ.)

ಮೊದಲು ತೊಳೀರಿ. ಸಮುದ್ರದ ಉಪ್ಪು ಒಳಗೇ ಉಳಿದ್ರೆ ಒಣಗಿದ ಮೇಲೆ ಮೇಲ್ಪದರ ಎದ್ದು ಬರುತ್ತೆ, ಅದಕ್ಕೆ ಸಿಹಿನೀರಲ್ಲಿ ನೆನೆಹಾಕಿ ಕೆಲವು ದಿನ ನೀರು ಬದಲಾಯಿಸ್ತಾ ಇರಿ, ಆಮೇಲೆ ನೆರಳಲ್ಲಿ ಒಣಗಿಸಿ. ಚಿನ್ನದ ಥರ ಹೊಳೆಯೋ ಪೈರೈಟ್ ಅನ್ನೋ ಖನಿಜ ಇರೋದನ್ನ ತೇವದ ಜಾಗದಲ್ಲಿ ಇಟ್ರೆ ಬರ್ತಾ ಬರ್ತಾ ಪುಡಿ ಆಗುತ್ತೆ.

ಕ್ಲಾಸಲ್ಲಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿ. ಬೆಂಚಿಂದ ಬಿದ್ದು ನನ್ನದೊಂದು ಅಮೊನೈಟ್ ಎರಡು ಹೋಳಾಗಿದೆ, ಬೀಳಿಸಿದ ಹುಡುಗಿ ಅತ್ತಿದ್ದು ನೋಡಿ ನನಗೆ ಕಲ್ಲಿಗಿಂತ ಜಾಸ್ತಿ ಬೇಜಾರಾಯ್ತು. ಒಡೆದ್ರೆ ಹೊಟ್ಟೆ ಉರಿಯೋ ಪೀಸ್ ಮುಚ್ಚಳ ಇರೋ ಪಾರದರ್ಶಕ ಡಬ್ಬಿಲಿರಲಿ, ಬಾಯಿಗೆ ಹಾಕ್ಕೊಳ್ಳೋವಷ್ಟು ಸಣ್ಣದೂ ಅದರಲ್ಲೇ.

ಇನ್ನು ಮುಖ್ಯವಾದ್ದು, ಹೆಸರು ಹೇಳೋ ಆತುರ ಬೇಡ. ಅಮೊನೈಟ್ ಕೈಗೆ ಕೊಟ್ಟು ಭೂತಗನ್ನಡಿ ಕೊಟ್ಟು ಸುಮ್ನೆ ಕೂತ್ಕೊಳ್ಳಿ, ಬಸವನಹುಳು, ಹಾವು ಅಂತೆಲ್ಲ ಅವರೇ ಹೇಳಲಿ, ಆಮೇಲೆ ಇದು ಆಕ್ಟೋಪಸ್, ಸ್ಕ್ವಿಡ್ಡಿನ ಸಂಬಂಧಿ ಅಂದ್ರೆ ಮುಖ ನೋಡ್ಬೇಕು ಅವರದ್ದು!

ಕಲ್ಲಾಗಿದ್ದು ಹೇಗೆ ಅಂತ ಬಾಯಲ್ಲಿ ವಿವರಿಸೋಕೆ ಹೋಗ್ಬೇಡಿ. ಜೇಡಿಮಣ್ಣಿನ ಉಂಡೆಗೆ ಒಂದು ಚಿಪ್ಪು ಒತ್ತಿ ತೆಗೀಲಿ, ಆ ಅಚ್ಚಿಗೆ ನೀವು ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹುಯ್ಯಿರಿ (ಗಟ್ಟಿಯಾಗ್ತಾ ಬಿಸಿ ಆಗುತ್ತೆ, ಮಕ್ಕಳು ಕೈ ಅದ್ದಬಾರದು), ಅರ್ಧ ಗಂಟೆ ಮುಕ್ಕಾಲು ಗಂಟೆ ಬಿಟ್ಟು ಬಿಡಿಸಿದ್ರೆ ಚಿಪ್ಪು ಇಲ್ಲ, ಚಿಪ್ಪಿನ ಆಕಾರ ಇದೆ. ಎಷ್ಟೋ ಪಳೆಯುಳಿಕೆ ಆಗಿರೋದು ಹೀಗೇನೇ.

ವಯಸ್ಸು ಹೇಳೋಕೆ 4.6 ಮೀಟರ್ ಹಗ್ಗ ಹಾಸಿ. ಭೂಮಿಗೆ ಸುಮಾರು 460 ಕೋಟಿ ವರ್ಷ, ಅಂದ್ರೆ ಒಂದು ಸೆಂಟಿಮೀಟರಿಗೆ ಒಂದು ಕೋಟಿ. ಅಮೊನೈಟು, ಡೈನೋಸಾರು ಎರಡೂ ಇಲ್ಲವಾದದ್ದು 6.6 ಕೋಟಿ ವರ್ಷದ ಹಿಂದೆ, ಇವತ್ತಿನ ತುದಿಯಿಂದ ಬರೀ 6.6 ಸೆಂಟಿಮೀಟರ್. ಮನುಷ್ಯರದ್ದು ಒಂದು ಮಿಲಿಮೀಟರೂ ಇಲ್ಲ.

ಟೈಮ್ ಉಳಿದ್ರೆ ಪಳೆಯುಳಿಕೆ ಹುಡುಕೋದ್ರಲ್ಲಿ ಹೆಸರಾದ ಮೇರಿ ಆ್ಯನಿಂಗ್ ಕಥೆ ಹೇಳಿ, ಇಂಗ್ಲೆಂಡಿನ ಲೈಮ್ ರೀಜಿಸ್ ಬೀಚಲ್ಲಿ 1811ರಲ್ಲಿ ಅವಳ ಅಣ್ಣನಿಗೆ ಒಂದು ತಲೆಬುರುಡೆ ಸಿಕ್ತು, ಮುಂದಿನ ವರ್ಷ ಉಳಿದ ಅಸ್ಥಿಪಂಜರ ಹುಡುಕಿದ್ದು 12-13 ವರ್ಷದ ಮೇರಿ, ಜನ ಮೊಸಳೆ ಅಂದ್ಕೊಂಡಿದ್ದು ಆಮೇಲೆ ನೋಡಿದ್ರೆ ಇಕ್ತಿಯೋಸಾರ್, ಅಂದ್ರೆ ಅಳಿದುಹೋದ ಒಂದು ಸಮುದ್ರ ಸರೀಸೃಪ.

ಹೊರಡೋವಾಗ ಒಬ್ಬೊಬ್ಬರಿಗೂ ಒಂದೊಂದು ಸಾದಾ ಬೆಣಚುಕಲ್ಲು ಕೊಡಿ. ನಿಮ್ಮದನ್ನ ಡಬ್ಬಕ್ಕೆ ಹಾಕೋ ಮುಂಚೆ ಎಣಿಸಿ, ಶಾರ್ಕ್ ಹಲ್ಲು ಯಾರದ್ದೋ ಜೇಬಲ್ಲಿರುತ್ತೆ.