ಆರ್ಲಿಂಗ್ಟನ್ ಸೈನಿಕ ಸ್ಮಶಾನವನ್ನು ನೋಡುವ ಬಗೆ

ವಾಷಿಂಗ್ಟನ್ನಿಗೆ ಹೋದವರು ಪೊಟೊಮ್ಯಾಕ್ ನದಿಯಾಚೆ 1864ರಲ್ಲಿ ಆರಂಭವಾದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನವನ್ನು ಮೆಟ್ರೊದ ನೀಲಿ ಮಾರ್ಗದಲ್ಲಿ ತಲುಪಬಹುದು. ಪ್ರವೇಶ ಉಚಿತ, ಆದರೆ ಪಾಸ್‌ಪೋರ್ಟ್ ಜೊತೆಗಿರಲಿ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಸಮಾಧಿಗಳಿರುವ ಈ ಗುಡ್ಡಗಳನ್ನು ಒಂದೇ ದಿನ ಪೂರ್ತಿ ಸುತ್ತುವ ಹಟ ಬೇಡ. ನಿರ್ದಿಷ್ಟ ಸಮಾಧಿಯನ್ನು ಹುಡುಕುವವರು ವಿಭಾಗ ಮತ್ತು ಸಮಾಧಿ ಸಂಖ್ಯೆಯನ್ನು ಮೊದಲೇ ಬರೆದುಕೊಳ್ಳಬೇಕು. ಬಿಳಿ ಕಲ್ಲುಗಳ ಹಿಂಬದಿಯಲ್ಲಿ ಅದನ್ನು ಕೆತ್ತಿರುತ್ತಾರೆ.

ಅಜ್ಞಾತ ಯೋಧರ ಸಮಾಧಿಗೆ ಹೆಚ್ಚು ಹೊತ್ತು ಮೀಸಲಿಡಿ. ಕಾವಲಿನ ಸೈನಿಕ 21 ಹೆಜ್ಜೆ ನಡೆದು, ತಿರುಗಿ, 21 ಸೆಕೆಂಡು ಅಲುಗಾಡದೆ ನಿಲ್ಲುವಾಗ ಬೂಟಿನ ಸದ್ದಷ್ಟೇ ಕಿವಿಯಲ್ಲಿ ಉಳಿದಿರುತ್ತದೆ. ಕಾವಲು ಬದಲಾವಣೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಗೊಮ್ಮೆ, ಉಳಿದ ತಿಂಗಳುಗಳಲ್ಲಿ ಹಗಲು ಗಂಟೆಗೊಮ್ಮೆ ನಡೆಯುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಸಮಾಧಿಯ ನಂದದ ಜ್ಯೋತಿಯ ಬಳಿ ಸಾಮಾನ್ಯವಾಗಿ ನೂಕುನುಗ್ಗಲು. ದಾರಿಯಲ್ಲಿ ಅಂತ್ಯಕ್ರಿಯೆ ಕಂಡರೆ ದೂರವೇ ನಿಂತು, ಕ್ಯಾಮೆರಾವನ್ನು ಚೀಲಕ್ಕೆ ಹಾಕಿಬಿಡಿ.